ಅರ್ಧ ಪಟ್ಟೆ

ಮೇಷ್ಟ್ರ ಮನೆಯಲ್ಲಿ ಎರಡನೇ ಲೋಟ ಚಹಾ ಮುಗಿದರೂ ಶಿಷ್ಯೆಯ ಬಾಯಿಂದ ಆ ಮಾತು ಹೊರಬಿದ್ದಿರಲಿಲ್ಲ. ಐದು ಗಂಟೆಯೊಳಗೆ ತನ್ನ ಲೇಖನವನ್ನು ವಿಜ್ಞಾನ ಪತ್ರಿಕೆಗೆ ಕಳಿಸಬೇಕು. ಆಗಲೇ ನಾಲ್ಕು ಹೊಡೆದಿತ್ತು. ಚೀಲದಲ್ಲಿದ್ದ ಪುಟ್ಟ ಡಬ್ಬಿಯನ್ನು ಮೂರು ಸಲ ಮುಟ್ಟಿದಳು, ಮೂರು ಸಲವೂ ಕೈ ಹಿಂದಕ್ಕೆ ತೆಗೆದುಕೊಂಡಳು. ಕುರ್ಚಿಯಲ್ಲಿ ಮುಳ್ಳಿದೆಯೇನೋ ಎಂಬಂತೆ ಮಿಸುಕಾಡುತ್ತಿದ್ದಳು.

"ಯಾಕೆ ಹೀಗೆ ಮೂತಿ ಉದ್ದ ಮಾಡ್ಕೊಂಡು ಕೂತಿದೀಯ? ಹುಳ ನೋಡಿ ನೋಡಿ ನೀನೂ ಹುಳದ ಹಾಗೇ ಆದೆ," ಎಂದು ಮೇಷ್ಟ್ರು ನಕ್ಕರು.

ಅವರ ಜೀವಮಾನವೆಲ್ಲ ಮೂತಿಹುಳುಗಳ ಹಿಂದೆಯೇ ಕಳೆದಿತ್ತು. ಉದ್ದ ಮೂತಿಯಿಂದ ಬೀಜ ಕೊರೆದು ಒಳಹೊಕ್ಕುವ, ಎಳ್ಳುಕಾಳಿನಷ್ಟು ಹುಳುಗಳು. ಒಂದನ್ನೊಂದು ಎಷ್ಟು ಹೋಲುತ್ತವೆಂದರೆ ಹೆತ್ತ ತಾಯಿಗೂ ಗುರುತು ಸಿಗಲಿಕ್ಕಿಲ್ಲ. ಅಂಥ ಎರಡನ್ನು ಮೇಷ್ಟ್ರು ಮೂವತ್ತಾರು ವರ್ಷದ ಹಿಂದೆ ಬೇರ್ಪಡಿಸಿದ್ದರು: ಬೆನ್ನ ಮೇಲೆ ಬಿಳಿ ಪಟ್ಟೆ ಇದ್ದದ್ದು ಹಳೆಯ ಜಾತಿ, ಪಟ್ಟೆ ಇಲ್ಲದ್ದು ಹೊಸದು. ಹೊಸದಕ್ಕೆ ಹೆಂಡತಿಯ ಹೆಸರಿಟ್ಟರು. ಆ ಹುಳದ ಚಿತ್ರ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲೆ ಕೂತಿತ್ತು. "ಬೇರೆಯವರ ಗಂಡಂದಿರು ಒಡವೆ ಕೊಡಿಸ್ತಾರೆ, ನಮ್ಮವರು ಹುಳ ಕೊಡಿಸಿದ್ರು," ಎಂದು ಆ ಹೆಂಡತಿ, ಶಿಷ್ಯೆಯ ಬಾಯಲ್ಲಿ 'ಅಮ್ಮ', ಬಂದವರಿಗೆಲ್ಲ ತೋರಿಸುತ್ತಿದ್ದರು.

ಆ ಹೆಸರನ್ನೇ ಇವತ್ತು ಅಳಿಸಬೇಕಾಗಿತ್ತು. ಹನ್ನೆರಡು ವರ್ಷ ಇದೇ ಮನೆಯಲ್ಲಿ ಉಂಡು, ಇದೇ ಮೇಜಿನ ಮುಂದೆ ಕೂತು ಕಲಿತವಳು ಅವಳು. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ ತಾನೇ ಎಂದುಕೊಂಡಳು. ನಾಲ್ಕನೇ ಸಲ ಡಬ್ಬಿ ಚೀಲದಿಂದ ಹೊರಬಂದದ್ದೇ ಮೇಷ್ಟ್ರು ಕೈಚಾಚಿ ಅದನ್ನು ಇಸಿದುಕೊಂಡು, ಅದರಲ್ಲಿದ್ದ ಹುಳವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು.

"ಪಟ್ಟೆ ಇದೆ... ಇಲ್ಲ, ಹಿಂದೆ ಇದೆ, ಮುಂದೆ ಇಲ್ಲ." ತಿರುಪು ತಿರುಗಿಸಿದರು. "ಅರ್ಧ ಪಟ್ಟೆ! ಇದು ಯಾವ ಜಾತಿ?"

"ಸರ್, ಅದು ನಾನೇ ಸಾಕಿದ ಹುಳ. ಬೀಜದಿಂದ ಹೊರಗೆ ಬಂದಾಗ ಪೂರ್ತಿ ಪಟ್ಟೆ ಇತ್ತು." ಅವಳು ಕುರ್ಚಿಯ ತುದಿಗೆ ಸರಿದಳು. "ಆ ಬಿಳಿ ಬರೀ ಹುಡಿ, ಸರ್. ಬೀಜದೊಳಗೆ ನುಗ್ಗಿ ನುಗ್ಗಿ ಉದುರಿಹೋಗುತ್ತೆ. ಏಳನೇ ವಾರಕ್ಕೆ ಎಲ್ಲಾ ಹುಳಾನೂ ಬೋಳು. ಒಳಗಿನ ಅಂಗಗಳನ್ನೂ ಬಿಡಿಸಿ ನೋಡಿದೆ, ಎಳ್ಳಷ್ಟೂ ವ್ಯತ್ಯಾಸ ಇಲ್ಲ."

ಮೇಷ್ಟ್ರು ತಲೆ ಎತ್ತಲಿಲ್ಲ. ಹೊಸ ಜಾತಿ ಎಂದುಕೊಂಡದ್ದು ಹಳೆಯ ಜಾತಿಯ ಮುದಿ ಹುಳ ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡೂ ಒಂದೇ ಆದರೆ ಮೊದಲಿಟ್ಟ ಹೆಸರೇ ಉಳಿಯುತ್ತದೆ ಎಂಬ ನಿಯಮ ಅವಳಿಗೆ ಕಲಿಸಿದವರೇ ಅವರು. ಬೆರಳು ಮಾತ್ರ ತಿರುಪನ್ನು ಹಿಂದೆ ಮುಂದೆ ತಿರುಗಿಸುತ್ತಲೇ ಇತ್ತು.

ಲೋಟ ತೆಗೆದುಕೊಂಡು ಹೋಗಲು ಬಂದ ಅಮ್ಮ ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಬೆನ್ನು ಸವೆದ ಮಾತ್ರಕ್ಕೆ ಬೇರೆ ಜಾತಿ ಅಂದ್ಬಿಟ್ರಾ?" ಎಂದರು ಗಂಡನಿಗೆ. "ನಿಮ್ಮ ತಲೆ ಬೋಳಾಯ್ತು ಅಂತ ನಾನೇನು ಬೇರೆ ಗಂಡ ಅಂದ್ಕೊಂಡ್ನಾ?"

ಯಾರೂ ನಗಲಿಲ್ಲ.

"ನಿಮ್ಮ ಹೆಸರು ಹೋಗುತ್ತೆ ಅಮ್ಮ," ಎಂದಳು ಶಿಷ್ಯೆ. "ನೀವು ಬೇಡ ಅಂದ್ರೆ ನಾನು ಕಳಿಸಲ್ಲ."

"ನನಗೋಸ್ಕರ ಸುಳ್ಳನ್ನ ಹಾಗೇ ಬಿಡ್ತೀಯಾ? ಒಂದು ಸಲ ನಾನು ಬಿಟ್ಟದ್ದು ಸಾಕು." ಅಮ್ಮ ಗೋಡೆಯ ಚಿತ್ರವನ್ನು ಕೆಳಗಿಳಿಸಿ, ಸೆರಗಿನಿಂದ ಗಾಜು ಒರೆಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. "ಇಲ್ಲಿ ನೋಡು, ಹೆಗಲ ಹತ್ರ."

ಅಲ್ಲಿ ಕಾಗದ ಕೊಂಚ ತರಿತರಿಯಾಗಿತ್ತು. ರಬ್ಬರಿನಿಂದ ಉಜ್ಜಿದ ಗುರುತು.

"ಮೂರು ಬಿಳಿ ಚುಕ್ಕೆ ಕಂಡಿತ್ತು, ಹಾಕಿದ್ದೆ. ಅದು ಧೂಳು ಕಣೇ, ಅಳಿಸು ಅಂದ್ರು ಇವರು. ನನ್ನ ಹೆಸರಿಡೋಕೆ ಹೊರಟಿದ್ರಲ್ಲ, ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಅಳಿಸಿದೆ."

"ನೀವು ಹಾಕಿದ್ರಾ? ಇದು ಸರ್ ಬರೆದ ಚಿತ್ರ ಅಲ್ವಾ?"

"ನಿಮ್ಮ ಸರ್ ಬರೆದ್ರೆ ಹುಳ ಯಾವುದು, ಬದನೆಕಾಯಿ ಯಾವುದು ಅಂತ ಗೊತ್ತಾಗಲ್ಲ. ಇವರ ಹುಳದ ಪುಸ್ತಕದಲ್ಲಿರೋ ನೂರಾ ಹನ್ನೆರಡು ಚಿತ್ರಾನೂ ನಂದೇ."

ಶಿಷ್ಯೆ ಹುಳ ಗುರುತಿಸಲು ಕಲಿತದ್ದೇ ಆ ನೂರಾ ಹನ್ನೆರಡು ಚಿತ್ರಗಳಿಂದ. ಒಂದೊಂದರ ಕೂದಲು, ಕಾಲಿನ ಮುಳ್ಳು ಕೂಡ ಅವಳಿಗೆ ಬಾಯಿಪಾಠ. ಪ್ರತಿಯೊಂದರ ಕೆಳಗೂ 'ಚಿತ್ರ: ಲೇಖಕರದು' ಎಂದಿತ್ತು. ಅವಳು ಮೇಷ್ಟ್ರ ಕಡೆ ನೋಡಿದಳು. ಅವರ ಕಣ್ಣು ಇನ್ನೂ ಸೂಕ್ಷ್ಮದರ್ಶಕದಲ್ಲೇ ಇತ್ತು, ಕಿವಿ ಕೆಂಪಾಗಿತ್ತು.

"ಕಳಿಸು," ಎಂದರು ಅಮ್ಮ. "ಹುಳಕ್ಕಿಟ್ಟ ಹೆಸರು ಹೋದ್ರೆ ಹೋಗ್ಲಿ. ಲೇಖನದಲ್ಲಿ ಈ ಚಿತ್ರ ಹಾಕ್ತೀಯಲ್ಲ, ಅದರ ಕೆಳಗೆ ನನ್ನ ಹೆಸರು ಹಾಕು."

ಅವಳು ಲ್ಯಾಪ್‌ಟಾಪ್ ತೆರೆದು ಮೇಷ್ಟ್ರ ಪುಸ್ತಕದಿಂದ ಚಿತ್ರದ ಜೊತೆಗೇ ಎತ್ತಿಕೊಂಡಿದ್ದ 'ಲೇಖಕರದು' ಎಂಬುದನ್ನು ಅಳಿಸಿದಳು. ಬೆರಳು ಅಲ್ಲೇ ನಿಂತಿತು. ಹನ್ನೆರಡು ವರ್ಷದಿಂದ ಬರೀ 'ಅಮ್ಮ' ಎಂದು ಕರೆದವಳಿಗೆ, ಲ್ಯಾಟಿನ್ ಬಾಲ ಅಂಟಿಸಿಕೊಂಡಿದ್ದ ಆ ಹುಳದ ಹೆಸರು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ.

"ಅಮ್ಮ... ನಿಮ್ಮ ಪೂರ್ತಿ ಹೆಸರು?"

"ಬರ್ಕೋ," ಎಂದು ಮೇಷ್ಟ್ರು ತಲೆ ಎತ್ತಿ ಗಂಟಲು ಸರಿಮಾಡಿಕೊಂಡರು.

"ನೀವು ಸುಮ್ನಿರಿ," ಎಂದರು ಅಮ್ಮ. "ನಾನೇ ಹೇಳ್ತೀನಿ."