ರಿವರ್ಸ್ ಲೈಟು ಮತ್ತು ಗಾರ್ಡ್ ತಾತ

ಸೋಲ್ಡರಿಂಗ್ ಹೊಗೆ ಮೂಗಿಗೆ ತಾಗಿದರೆ ಈಗಲೂ ನನಗೆ ಅಪ್ಪನ ವ್ಯಾನೇ ನೆನಪಾಗುತ್ತದೆ.

ಕೋಯಂಬೇಡು ಮಾರುಕಟ್ಟೆಯಿಂದ ತರಕಾರಿ ತರುತ್ತಿದ್ದ ಆ ವ್ಯಾನು ನಮ್ಮ ಗಲ್ಲಿಯೊಳಗೆ ಹಿಮ್ಮುಖವಾಗಿಯೇ ಬರಬೇಕಿತ್ತು. ರೈಲ್ವೆ ಗಾರ್ಡ್ ಆಗಿ ನಿವೃತ್ತರಾಗಿದ್ದ ತಾತ ಅದರ ಹಿಂದೆ ನಿಂತು "ವಾ, ವಾ", ಅಂದರೆ ಬಾ ಬಾ, ಎಂದು ತಮಿಳಿನಲ್ಲೇ ಕೂಗುತ್ತ ಕೈ ಬೀಸುತ್ತಿದ್ದರು. ಒಂದು ದಿನ ಬಂಪರ್ ಅವರ ಮೊಣಕಾಲಿಗೆ ತಾಗಿತು. ಮರುದಿನ ಮಧ್ಯಾಹ್ನ ಅಪ್ಪ, ರಿವರ್ಸ್ ಗೇರ್ ಹಾಕಿದರೆ ತಾವಾಗಿಯೇ ಹತ್ತಿಕೊಳ್ಳುವ ಎರಡು ದೀಪಗಳನ್ನು ವೈರು ಸೋಲ್ಡರ್ ಮಾಡಿ ವ್ಯಾನಿನ ಹಿಂಭಾಗಕ್ಕೆ ಜೋಡಿಸಿದರು.

"ಇನ್ಮೇಲೆ ನೀವು ನಿಂತ್ಕೋಬೇಡಿ ಅಪ್ಪಾ, ಲೈಟೇ ಸಾಕು" ಎಂದರು.

"ಸರಿ ಕಣೋ" ಎಂದು ತಾತ ಒಳಗೆ ಹೋದರು.

ಸಂಜೆ ಅಪ್ಪ ಗೇರ್ ಹಾಕಿದಾಗ ದೀಪಗಳು ಹತ್ತಿದವು. ಆ ಬೆಳಕಿನಲ್ಲಿ ತಾತ, ಡ್ಯೂಟಿಯ ಹಳೆಯ ಬಿಳಿ ಷರ್ಟು ಹಾಕಿಕೊಂಡು, ಕೈ ಎತ್ತಿ ನಿಂತಿದ್ದರು.

ಅಪ್ಪ ಕನ್ನಡಿಯಲ್ಲಿ ಅವರನ್ನು ನೋಡಿದರು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದರು: "ಬರ್ಲಾ, ಅಪ್ಪಾ?"