ಬಟಾಣಿ ಅಕ್ಷತೆ

"ಇವತ್ತು ಬೇಡ ಸುಮಿತ್ರಾ. ಸ್ವಲ್ಪ ಹುಷಾರಾಗಲಿ, ಆಮೇಲೆ ಡಾಕ್ಟರ ಹತ್ತಿರ ಹೋದ್ರಾಯ್ತು," ಎಂದ ಜಯಸಿಂಹ, ಆಫೀಸಿಗೆ ಹೊರಡಲು ಶೂ ಕಟ್ಟಿಕೊಳ್ಳುತ್ತ. ಎಂಟು ವರ್ಷದ ಮಗಳು ಶಾಮಲಾ ಮಂಚದ ಮೇಲೆ ನಿಂತಿದ್ದಳು. ಫ್ರಾಕಿನ ಮೇಲೆ ಫ್ರಾಕು, ಮುಖದ ತುಂಬ ಪೌಡರು. ಎರಡು ರಾತ್ರಿಯಿಂದ ನಿದ್ದೆ ಇಲ್ಲ, ಮಾತೂ ನಿಂತಿಲ್ಲ. ಬಿಲ್ಡಿಂಗಿನವರಿಗೆಲ್ಲ ಅವಳು ಇವತ್ತು ಒಂದೊಂದು ವಿಮಾನ ಕೊಡಿಸುವವಳಿದ್ದಳು.

ಹುಷಾರಾದ ಮೇಲೆ ಡಾಕ್ಟರ ಹತ್ತಿರ ಹೋಗುವುದು ಆ ಮನೆಯ ಪದ್ಧತಿಯಾಗಿಬಿಟ್ಟಿತ್ತು. ಹುಡುಗಿ ಹೀಗೆ ಕುಣಿಯುವಾಗ ನಾಲ್ಕು ಜನರ ಕಣ್ಣಿಗೆ ಬೀಳಿಸಲು ನಾಚಿಕೆ. ಗೋಡೆಗೆ ಮುಖ ಮಾಡಿ ಮಲಗಿ ಅನ್ನ ಮುಟ್ಟದಿರುವಾಗ ಎಬ್ಬಿಸಲು ಮನಸ್ಸು ಬಾರದು. ನಡುವೆ ತಿಳಿಯಾದ ದಿನ ಸಿಕ್ಕಿತೋ, ಎಣ್ಣೆ ಹಚ್ಚಿ, ಎರಡು ಜಡೆ ಹೆಣೆದು, ರಿಬ್ಬನ್ ಕಟ್ಟಿ ಕರೆದೊಯ್ಯುತ್ತಿದ್ದರು. ಶಾಮಲಾ ಕೈಮುಗಿದು, ಕೇಳದಿದ್ದರೂ ಮಗ್ಗಿ ಒಪ್ಪಿಸುತ್ತಿದ್ದಳು. "ಮುತ್ತಿನಂಥ ಮಗು, ನಿಮಗೇ ಚಿಂತೆ ಜಾಸ್ತಿ," ಎಂದು ಡಾಕ್ಟರುಗಳು ಸುಮಿತ್ರೆಗೇ ಟಾನಿಕ್ ಬರೆದುಕೊಟ್ಟು ಕಳಿಸುತ್ತಿದ್ದರು.

ಆದರೆ ಹೋದ ತಿಂಗಳು ಗೋಡೆ ಕಡೆ ಮಲಗಿದ್ದವಳು, "ನಾನು ಇಲ್ದೇ ಇದ್ರೆ ನಿಂಗೆ ಆರಾಮಲ್ವಾ ಅಮ್ಮ?" ಎಂದು ಕೇಳಿದ್ದಳು. ಆ ಮಾತು ಸುಮಿತ್ರೆಯನ್ನು ಒಂದು ದಿನವೂ ನೆಮ್ಮದಿಯಾಗಿರಲು ಬಿಟ್ಟಿರಲಿಲ್ಲ.

"ಇವತ್ತೇ ಹೋಗ್ತೀನ್ರೀ," ಎಂದಳು.

"ಈ ಅವತಾರದಲ್ಲಾ? ಅದೂ ಲೋಕಲ್‌ನಲ್ಲಿ? ಜನ ಏನಂತಾರೆ?"

"ಸಂಜೆ ಹೇಳ್ತೀನಿ."

ಬೊಂಬಾಯಿಯ ಭಾಂಡುಪ್‌ನಲ್ಲಿ ಲೋಕಲ್ ರೈಲು ಹತ್ತಿದ್ದೇ ತಡ, ಜನ ನೋಡಿಯೇ ನೋಡಿದರು. ಲೇಡೀಸ್ ಡಬ್ಬಾದಲ್ಲಿ ಒಬ್ಬಾಕೆ ಬಟಾಣಿ ಸುಲಿಯುತ್ತ ಕೂತಿದ್ದಳು. ಶಾಮಲಾ ಅವಳ ಮಡಿಲಿನಿಂದ ಬೊಗಸೆ ತುಂಬ ಕಾಳು ಬಾಚಿ, "ಇವತ್ತು ಎಲ್ರಿಗೂ ಮದುವೆ," ಎಂದು ಸಿಕ್ಕಸಿಕ್ಕವರ ತಲೆಗೆ ಅಕ್ಷತೆ ಹಾಕಿದಳು. ಕೆಲವರು ನಕ್ಕರು, ಕೆಲವರು ಮರಾಠಿಯಲ್ಲಿ ತಾಯಿಗೆ ಬುದ್ಧಿ ಹೇಳಿದರು. ಬಟಾಣಿಯಾಕೆ ಬೈಯಲು ಬಾಯಿ ತೆರೆದವಳು ಸುಮಿತ್ರೆಯ ಮುಖ ನೋಡಿದಳು. ಇನ್ನೊಂದು ಹಿಡಿ ಕಾಳನ್ನು ತಾನೇ ಹುಡುಗಿಯ ಜೇಬಿಗೆ ಹಾಕಿದಳು. ದಾದರಿನಲ್ಲಿ ಗಾಡಿ ಬದಲಾಯಿಸಿ, ರಟ್ಟೆ ಬಿಡದೆ, ಸುಮಿತ್ರಾ ಮಗಳನ್ನು ಬಾಂದ್ರಾದ ಆಸ್ಪತ್ರೆಗೆ ಮುಟ್ಟಿಸಿದಳು.

ಡಾಕ್ಟರ್ ವಿನೋದಿನಿ ಉಡುಪಿ ಕಡೆಯವರು, ಮಕ್ಕಳ ಮನಸ್ಸಿನ ಕಾಯಿಲೆ ನೋಡುವವರು. ಶಾಮಲಾ ಸೀದಾ ಅವರ ಮೇಜು ಹತ್ತಿ ಅವರ ತಲೆಗೂ ಬಟಾಣಿ ಸುರಿದಳು.

"ತಪ್ಪು ತಿಳೀಬೇಡಿ ಡಾಕ್ಟ್ರೇ, ಇವತ್ತು ಇವಳಿಗೆ ಹುಷಾರಿಲ್ಲ," ಎಂದು ಸುಮಿತ್ರಾ ತಡವರಿಸಿದಳು.

"ಹುಷಾರಿಲ್ಲದ ದಿನ ಅಲ್ವಾ ಮಾರಾಯ್ರೇ ಇಲ್ಲಿಗೆ ಬರಬೇಕಾದ್ದು?" ಎಂದ ವಿನೋದಿನಿ, ಇನ್ನಷ್ಟು ಅಕ್ಷತೆ ಬೀಳಲಿ ಎಂಬಂತೆ ತಲೆ ಬಗ್ಗಿಸಿದರು.

ಆಮೇಲೆ ಹುಡುಗಿಯೊಡನೆ ಬಹಳ ಹೊತ್ತು ಮಾತಾಡಿದರು. ಗೋಡೆ ಕಡೆ ಮಲಗುವ ದಿನಗಳನ್ನು ಕೆದಕಿ ಕೆದಕಿ ಕೇಳಿದರು. ಕೊನೆಗೆ ಹೇಳಿದರು: "ಇದು ಪುಂಡಾಟ ಅಲ್ಲ, ನಿಮ್ಮ ತಪ್ಪೂ ಅಲ್ಲ. ಈ ಕುಣಿತ, ಆ ಗೋಡೆ ಎರಡೂ ಒಂದೇ ಕಾಯಿಲೆ. ಮ್ಯಾನಿಕ್ ಡಿಪ್ರೆಶನ್ ಅಂತ ಕಾಣ್ತದೆ. ಇಷ್ಟು ಸಣ್ಣವರಲ್ಲಿ ಅಪರೂಪ, ಹಾಗಾಗಿ ಯಾರಿಗೂ ಹೊಳೆಯೋದಿಲ್ಲ. ಸಮಯ ಹಿಡೀತದೆ, ಆದರೆ ಮದ್ದು ಉಂಟು. ನಾಲ್ಕು ದಿನ ಇಲ್ಲೇ ಇರಲಿ, ನೋಡುವ."

ಸುಮಿತ್ರೆಗೆ ಅಳು ಬಂತು, ಹಿಂದೆಯೇ ನಗುವೂ ಬಂತು. ಮಗಳಿಗೆ ಕಾಯಿಲೆ ಎಂದು ಕೇಳಿ ಹಿಗ್ಗಿದ ತಾಯಿ ಬೊಂಬಾಯಿಯಲ್ಲಿ ಅಂದು ಅವಳೊಬ್ಬಳೇ ಇರಬೇಕು.

ಫೋನಿನಲ್ಲಿ ಸುದ್ದಿ ತಿಳಿದ ಜಯಸಿಂಹ ಸಂಜೆ ಓಡಿಬಂದಾಗ ಶಾಮಲಾ ಆಸ್ಪತ್ರೆಯ ಮಂಚದಲ್ಲಿ ಗಾಢ ನಿದ್ದೆಯಲ್ಲಿದ್ದಳು. ಪಕ್ಕದಲ್ಲಿ ಕೂತ ಹೆಂಡತಿಯ ಕೆದರಿದ ಕೂದಲಲ್ಲಿ ಹಸಿರು ಕಾಳೊಂದು ಸಿಕ್ಕಿಕೊಂಡಿತ್ತು. ಅವನು ಮೆಲ್ಲಗೆ ಕೇಳಿದ, "ದಾರೀಲಿ ಜನ ನೋಡಿದ್ರಾ?"

"ಎಲ್ರೂ ನೋಡಿದ್ರು ಕಣ್ರೀ," ಎಂದಳು ಸುಮಿತ್ರಾ. "ಡಾಕ್ಟ್ರೂ ನೋಡಿದ್ರು."