ಮಾತ್ರೆಗೆ ನಾಲ್ಕು ಕಣ್ಣು

ಆಂಜಿನಪ್ಪ ಮತ್ತೆ ತಪ್ಪು ಮಾತ್ರೆ ತೆಗೆದಿದ್ದ.

ಎದುರಿಗೆ ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸು ಕೈ ಚಾಚಿ ನಿಂತಿದ್ದಳು. ಇನ್ನೇನು ಪೊಟ್ಟಣ ಅವಳ ಕೈ ಸೇರಬೇಕು, ಅಷ್ಟರಲ್ಲಿ ಹಣೆ ಚಚ್ಚಿಕೊಂಡ.

"ಅಯ್ಯೋ, ಇದಲ್ಲ ಸಾರ್. ಪಕ್ಕದ ಡಬ್ಬೀದು. ವಯಸ್ಸಾಯ್ತು ನೋಡಿ, ಕಣ್ಣು ಮಂಜು."

ಬೇರೆ ಮಾತ್ರೆ ತಂದುಕೊಟ್ಟ. ಹೆಂಗಸು ಹೋದಳು. ಕುರ್ಚಿಯಲ್ಲಿ ಕುಳಿತಿದ್ದ ಅಂಗಡಿಯ ಒಡೆಯ ಕೌಸ್ತುಭ್ ಮನಸ್ಸಿನಲ್ಲೇ ಎಣಿಸಿದ. ಈ ವಾರದಲ್ಲಿ ಇದು ಮೂರನೆಯದು.

ಮುಳಬಾಗಿಲಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕೌಸ್ತುಭ್ ಔಷಧಿ ಅಂಗಡಿ ತೆರೆದು ನಾಲ್ಕು ತಿಂಗಳಾಗಿತ್ತು. ಗೋಡೆಯ ಮೇಲೆ ಗಾಜು ಹಾಕಿಸಿದ ಅವನ ಫಾರ್ಮಸಿ ಸರ್ಟಿಫಿಕೇಟು. ಹೊರರಾಜ್ಯದ ಕಾಲೇಜು, ಎರಡು ವರ್ಷದ ಓದಿನ ಹಣವನ್ನು ಅಪ್ಪ ಒಂದೇ ಸಲಕ್ಕೆ ಕಟ್ಟಿ ಮುಗಿಸಿದ್ದರು. ಆಂಜಿನಪ್ಪನದು ಬರೀ ಎಸ್ಸೆಸ್ಸೆಲ್ಸಿ, ಅದೂ ಗಣಿತದಲ್ಲಿ ಡುಮ್ಕಿ. ತಾಯಲೂರಿನ ಹಳೇ ಡಾಕ್ಟರೊಬ್ಬರ ಬಳಿ ಇಪ್ಪತ್ತೆರಡು ವರ್ಷ ದುಡಿದಿದ್ದ, ಅಷ್ಟೇ. ಅಂಥವನು ಔಷಧಿ ತೆಗೆಯಬಹುದು. ಆದರೆ ಓದಿದ ಫಾರ್ಮಸಿಸ್ಟ್ ಪಕ್ಕದಲ್ಲೇ ಇದ್ದು, ಚೀಟಿ ನೋಡಿ, ಮಾತ್ರೆ ನೋಡಿ, ಆಮೇಲೆ ಕೊಡಿಸಬೇಕು. ಕಾನೂನು ಹಾಗೆ.

ಈ ನೇಮವನ್ನು ಆಂಜಿನಪ್ಪ ಮಡಿಯಂತೆ ಪಾಲಿಸುತ್ತಿದ್ದ. ನೆಗಡಿ ಮಾತ್ರೆಯಾದರೂ ಸರಿ, ಚೀಟಿಯ ಜೊತೆ ಹಿಡಿದು ಕುರ್ಚಿಯ ಮುಂದೆ ನಿಲ್ಲುತ್ತಿದ್ದ. "ನಮ್ ಡಾಕ್ಟ್ರು ಹೇಳೋರು ಸಾರ್, ಮಾತ್ರೆಗೆ ನಾಲ್ಕು ಕಣ್ಣು ಬೇಕು ಅಂತ. ಎರಡು ನಂದು, ಎರಡು ನಿಮ್ದು." ಕೌಸ್ತುಭ್ ನೋಡುತ್ತಿದ್ದ. "ಹೂಂ, ಕೊಡಿ" ಎನ್ನುತ್ತಿದ್ದ.

ವಿಚಿತ್ರವೆಂದರೆ, ಕೋಳಿ ಕೆದರಿದಂತಿರುವ ಡಾಕ್ಟರುಗಳ ಬರಹವನ್ನು ಆಂಜಿನಪ್ಪ ನೀರು ಕುಡಿದಷ್ಟು ಸಲೀಸಾಗಿ ಓದುತ್ತಿದ್ದ. ಆದರೂ ಆಗಾಗ ಎಡವಟ್ಟು, ಆಮೇಲೆ ಹಣೆ ಚಚ್ಚಿಕೊಳ್ಳುವುದು. ಒಂದು ದಿನ ಚಚ್ಚಿಕೊಳ್ಳಲು ಮರೆತರೆ? ಯಾರ ಮನೆಯಲ್ಲಿ ಹೆಣ ಬೀಳುತ್ತದೋ, ಯಾರ ಕೈಗೆ ಕೋಳ ಬೀಳುತ್ತದೋ! ಈ ಯೋಚನೆ ಬಂದರೆ ಸಾಕು, ಕೌಸ್ತುಭ್ ಅರ್ಧ ಊಟಕ್ಕೇ ತಟ್ಟೆ ಸರಿಸಿ ಏಳುತ್ತಿದ್ದ.

ಬುಧವಾರ ಸಂಜೆ ಔಷಧಿ ಕಂಪನಿಯ ನರೇಶ್ ಫೋನ್ ಮಾಡಿದ.

"ಹುಷಾರು ಕಣೋ. ನಿನ್ನ ಅಂಗಡಿ ಮೇಲೆ ಯಾರೋ ಕೋಲಾರಕ್ಕೆ ಅರ್ಜಿ ಹಾಕಿದಾರೆ. ಓದಿಲ್ಲದೋರನ್ನ ಕೂರಿಸಿದಾರೆ ಅಂತ. ನಾಳೆ ಡ್ರಗ್ ಇನ್‌ಸ್ಪೆಕ್ಟರ್ ಬರ್ತಾರಂತೆ."

ಕೌಸ್ತುಭ್ ಫೋನ್ ಕೆಳಗಿಟ್ಟ. ಅಂಗಡಿ ಮುಚ್ಚಿಸುತ್ತಾರೆ. ಕೇಸು ಹಾಕುತ್ತಾರೆ. ಊರೆಲ್ಲ ಗುಲ್ಲು. ಗೋಡೆಯ ಚೌಕಟ್ಟಿನ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದ. ಆಮೇಲೆ ನಗು ತಂದುಕೊಂಡು ಹೇಳಿದ: "ಆಂಜಿನಪ್ಪನವರೇ, ನಾಳೆ ರಜೆ ತಗೊಳ್ಳಿ. ಆವನಿ ಊರಿಗೆ ಹೋಗಿ ಮಗಳನ್ನ ನೋಡ್ಕೊಂಡು ಬನ್ನಿ."

"ಮಗಳು ಎಲ್ಲೋಗ್ತಾಳೆ ಬಿಡಿ ಸಾರ್. ನಾಳೆ ನಾನಿಲ್ದಿದ್ರೆ ಆಗಲ್ಲ."

ಮಾರನೆಯ ದಿನ ಹನ್ನೊಂದು ಗಂಟೆಗೆ ಇನ್‌ಸ್ಪೆಕ್ಟರ್ ಗಂಗಾಲಕ್ಷ್ಮಿ ಬಂದೇಬಿಟ್ಟರು. ಚೌಕಟ್ಟು ನೋಡಿದರು, ಬೀರು ನೋಡಿದರು, ಕೊನೆಗೆ ಆಂಜಿನಪ್ಪನ ಎದುರು ನಿಂತರು.

"ನೀವು ಏನು ಓದಿದೀರಿ?"

"ಎಸ್ಸೆಸ್ಸೆಲ್ಸಿ ಫೇಲು ಮೇಡಂ." ದನಿಯಲ್ಲಿ ಒಂದಿಷ್ಟೂ ಅಳುಕಿಲ್ಲ.

"ಮತ್ತೆ ಔಷಧಿ ಯಾರು ಕೊಡೋದು?"

"ನಾನು ತೆಗೀತೀನಿ, ಸಾರ್ ನೋಡ್ತಾರೆ. ಒಂದನ್ನೂ ಬಿಟ್ಟಿಲ್ಲ ಮೇಡಂ, ಎಲ್ಲಾನೂ ತೋರ್ಸಿದೀನಿ."

ಕೌಸ್ತುಭನಿಗೆ ಹೋದ ಜೀವ ಬಂದಂತಾಯಿತು. ಪಾಪ, ಮುದುಕ ತನ್ನನ್ನು ಕಾಯುತ್ತಿದ್ದಾನೆ!

ಅಷ್ಟರಲ್ಲಿ ಹೋಳೂರಿನ ಮುನಿಗಂಗಮ್ಮ ಮಂಡಿ ಹಿಡಿದುಕೊಂಡು, ತೆಲುಗಿನಲ್ಲಿ ಕ್ಷೇಮ ಕೇಳುತ್ತಾ ಮೆಟ್ಟಿಲು ಹತ್ತಿದಳು. "ಏಮಿ ಆಂಜಣ್ಣಾ, ಬಾಗುನ್ನಾವಾ? ಮಂಡಿನೋವಿಗೆ ಮಾತ್ರೆ ಬರ್ಕೊಟ್ಟವ್ರೆ, ನೋಡಪ್ಪ."

ಆಂಜಿನಪ್ಪ ಒಳಹೋಗಿ ಬಂದ. ಎಂದಿನಂತೆ ಚೀಟಿಯನ್ನೂ ಮಾತ್ರೆಯನ್ನೂ ಮುಂದೆ ಹಿಡಿದ. ಇನ್‌ಸ್ಪೆಕ್ಟರ್ ಕಣ್ಣು ತನ್ನ ಮೇಲೇ ಇದೆಯೆಂದು ಕೌಸ್ತುಭನಿಗೆ ಗೊತ್ತು. ಮಾತ್ರೆಯ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿದ, ಬೆಳಕಿಗೆ ಹಿಡಿದ, ಚೀಟಿಯ ಮೇಲೆ ಬೆರಳಾಡಿಸಿದ. ದೇವರೇ, ಇವತ್ತೊಂದು ದಿನ ಈ ಮುದುಕ ತಪ್ಪು ಮಾಡದಿರಲಿ.

"ಸರಿಯಾಗಿದೆ. ಕೊಡಿ."

ಆಂಜಿನಪ್ಪ ಹಣೆ ಚಚ್ಚಿಕೊಳ್ಳಲಿಲ್ಲ. ಕೌಸ್ತುಭ್ ಉಸಿರು ಬಿಟ್ಟ. ಆದರೆ ಮಾತ್ರೆ ಮುನಿಗಂಗಮ್ಮನ ಕೈಗೆ ಹೋಗಲಿಲ್ಲ, ಇನ್‌ಸ್ಪೆಕ್ಟರ್ ಕೈಗೆ ಹೋಯಿತು. ಅವರು ಚೀಟಿ ನೋಡಿದರು, ಮಾತ್ರೆ ನೋಡಿದರು. ಮುಖ ಬಿಗಿಯಿತು.

"ಚೀಟೀಲಿರೋದು ನೋವಿನ ಮಾತ್ರೆ. ಇದು ಸಕ್ಕರೆ ಇಳಿಸೋದು. ಆ ಕಾಯಿಲೆ ಇಲ್ಲದೋರು ನುಂಗಿದ್ರೆ ಜೀವಕ್ಕೇ ಸಂಚಕಾರ."

ಕೌಸ್ತುಭ್ ಕುರ್ಚಿಯಿಂದ ಎಗರಿ ಎದ್ದ. "ನೋಡಿದ್ರಾ ಮೇಡಂ! ಇವರದು ಯಾವಾಗಲೂ ಇದೇ. ಇವತ್ತೇ ಕೆಲಸ ಬಿಡಿಸ್ತೀನಿ!"

ಆಂಜಿನಪ್ಪ ಅಂಗಿಯ ಜೇಬಿನಿಂದ ಇನ್ನೊಂದು ಪಟ್ಟಿ ತೆಗೆದು ಮುನಿಗಂಗಮ್ಮನ ಕೈಯಲ್ಲಿಟ್ಟ. ನೋವಿನ ಮಾತ್ರೆ, ಮೊದಲೇ ತೆಗೆದಿಟ್ಟುಕೊಂಡಿದ್ದ. ಆಮೇಲೆ ಕೈಮುಗಿದ.

"ಅರ್ಜಿ ಬರೆದೋನು ನಾನೇ ಮೇಡಂ. ಬೇಕಂತ್ಲೇ ತಪ್ಪು ಮಾತ್ರೆ ಹಿಡಿದು ತೋರಿಸ್ತಿದ್ದೆ. ಇವತ್ತಿಂದು ಸೇರಿ ಹನ್ನೆರಡು ಸಲ. ಹನ್ನೆರಡು ಸಲಾನೂ ಸಾರ್ 'ಕೊಡಿ' ಅಂದ್ರು. ನಾನೂ ಮನುಷ್ಯನೇ, ಒಂದಿನ ನಿಜವಾಗ್ಲೂ ತಪ್ಪು ಮಾಡ್ತೀನಿ. ಆವತ್ತು ಹಿಡಿಯೋರು ಯಾರೂ ಇಲ್ಲ ಅಂತ ನಂಗೆ ಭಯ."

ಇನ್‌ಸ್ಪೆಕ್ಟರ್ ಗೋಡೆಯ ಚೌಕಟ್ಟನ್ನು ಇಳಿಸಿ, ಅಕ್ಷರಗಳನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ನೀವು ಓದಿದ ಕಾಲೇಜು ಯಾವ ಊರಲ್ಲಿದೆ, ಹೇಳಿ?"

ಕೌಸ್ತುಭನಿಗೆ ಗೊತ್ತಿರಲಿಲ್ಲ.